ಉಜ್ಜೋದೇ ಕೆಲಸ

ಮರಗೆಲಸ ಅಂದ್ರೆ ಎಲ್ರಿಗೂ ಕೊಯ್ಯೋದು, ಜೋಡಿಸೋದು ಇಷ್ಟ, ಉಜ್ಜೋದು ಮಾತ್ರ ಯಾರಿಗೂ ಬೇಡ, ಯಾಕಂದ್ರೆ ಮಧ್ಯಾಹ್ನವೆಲ್ಲ ಉಜ್ಜಿದ್ಮೇಲೂ ನೋಡಿದೋರು "ಅದೇ ಹಲಗೆ ಅಲ್ವಾ ಇದು" ಅಂತಾರೆ. ನಂಗೆ ಉಲ್ಟಾ, ಉಜ್ಜೋದಕ್ಕೇ ಅಂತ ಪೆಟ್ಟಿಗೆ ಮಾಡ್ತೀನಿ. ಈಗ ಕೈಲಿರೋದು ಹಳೇ ಮಂಚದಿಂದ ಬಿಚ್ಚಿದ ಬೀಟೆ ತುಂಡು, ಕನ್ನಡಕದ ಪೆಟ್ಟಿಗೆ ಮುಚ್ಚಳಕ್ಕೆ. ಕೊಂಬೆ ಕವಲೊಡೆಯೋ ಜಾಗದ್ದಿರಬೇಕು, ನಾರು ನೆಟ್ಟಗಿಲ್ಲ, ಸುರುಳಿ ಸುರುಳಿ. ಮರ ಹೆರೆಯೋ ಹತ್ತರಿ ಹೊಡೆದ್ರೆ ಒಂದು ಕಡೆ ನುಣ್ಣಗಾಯ್ತು ಅನ್ನೋಷ್ಟರಲ್ಲಿ ನಾರು ತಿರುಗಿ ಎದುರಾಗೋ ಕಡೆ ಚಕ್ಕೆ ಎದ್ದಿರುತ್ತೆ, ಹಾಗಾಗಿ ಉಪ್ಪುಕಾಗದವೇ ಗತಿ.

ಉಪ್ಪುಕಾಗದದ ನಂಬರ್ ಜಾಸ್ತಿ ಆದಷ್ಟೂ ಅದು ನುಣುಪು. 80ರಿಂದ ಶುರು, ಆಮೇಲೆ 120, 180, 220. 80 ಬಿಟ್ಟ ಗೆರೆ 120 ತೆಗೀಬೇಕು, 120ರದ್ದು 180. ನಡುವಿನದ್ದು ಹಾರಿಸಿ ಸೀದಾ 220ಕ್ಕೆ ಹೋಗೋರಿದ್ದಾರೆ, ಕೈಗೇನೋ ಬೆಣ್ಣೆ ಥರ ಸಿಗುತ್ತೆ, ಪಾಲಿಶ್ ಬಿದ್ದ ತಕ್ಷಣ 80ರ ಗೆರೆಗಳೆಲ್ಲ ಹಾಜರ್! ಲೈಟ್ ಆರಿಸಿ ಮೊಬೈಲ್ ಟಾರ್ಚನ್ನ ಪಕ್ಕದಿಂದ ಬಿಟ್ಟು ನೋಡಿದ್ರೆ ಮೊದಲೇ ಗೊತ್ತಾಗುತ್ತೆ. ಮಾಸ್ಕ್ ಇರ್ಲಿ, ಬೀಟೆ ಧೂಳು ಕೆಲವರ ಮೂಗಿಗೂ ಚರ್ಮಕ್ಕೂ ಆಗಿಬರಲ್ಲ.

220 ಮುಗಿದ್ಮೇಲೆ ಸ್ಪಿರಿಟ್ ಅದ್ದಿದ ಬಟ್ಟೇಲಿ ಒಂದ್ಸಲ ಒರೆಸಿ. ಅಲ್ಲೀವರೆಗೂ ಬೂದಿ ಬಣ್ಣಕ್ಕಿದ್ದದ್ದು ಒಮ್ಮೆಲೇ ಕೆನ್ನೇರಳೆ, ನಡುವೆ ಕಪ್ಪು ಪಟ್ಟೆ, ತಲೆ ಸ್ವಲ್ಪ ವಾಲಿಸಿದ್ರೆ ಹೊಳಪು ಜಾಗ ಬದಲಾಯಿಸುತ್ತೆ, ನಾರು ಒಂದೊಂದು ಕಡೆ ಒಂದೊಂದು ಥರ ಮಲಗಿದೆಯಲ್ಲ, ಬೆಳಕೂ ಹಾಗೇ ವಾಪಸ್ ಬರುತ್ತೆ. ಸ್ಪಿರಿಟ್ ಆರಿದ್ರೆ ಮತ್ತೆ ಬೂದಿ. ತಡೆಯೋಕಾಗ್ದೆ ಇನ್ನೊಂದ್ಸಲ ಒರೆಸ್ತೀನಿ (ಟೆಸ್ಟಿಂಗ್ ಅಂತ ಹೆಸರು). ಇಂಥ ಹಲಗೆ ಮೇಲೆ ಅಂಗಡೀಲಿ ಸಿಗೋ ಮರದ ಬಣ್ಣ (ಸ್ಟೇನ್) ಬಳಿಯೋರನ್ನ ಏನ್ಮಾಡ್ಬೇಕೋ.

ಎಣ್ಣೆಯೂ ಬೇಡ. ಬೀಟೇಲಿ ತನ್ನದೇ ಜಿಡ್ಡಿದೆ, ಅಗಸೆ ಎಣ್ಣೆ ಹಚ್ಚಿದ್ರೆ ದಿನಗಟ್ಟಲೆ ಅಂಟಂಟು. ಅರಗಿನ ಚಕ್ಕೆ ಸ್ಪಿರಿಟ್‌ನಲ್ಲಿ ಕರಗಿಸಿ ಬಟ್ಟೆ ಉಂಡೇಲಿ ತೆಳ್ಳಗೆ ಹಚ್ಚೋ ಹಳೇ ಪಾಲಿಶೇ ಸರಿ. ಚನ್ನಪಟ್ಟಣದ ಗೊಂಬೆಗೂ ಅರಗೇ, ಆದ್ರೆ ಅಲ್ಲಿನ ಹಾಲೆಮರ ಬೆಳ್ಳಗೆ ಸಪ್ಪೆ, ಕಡೆಯೋ ಯಂತ್ರದಲ್ಲಿ ತಿರುಗ್ತಿರೋ ಗೊಂಬೆಗೆ ಬಣ್ಣದ ಅರಗಿನ ಕಡ್ಡಿ ಒತ್ತಿದ್ರೆ ಉಜ್ಜಿದ ಬಿಸಿಗೇ ಕರಗಿ ಹತ್ಕೊಳ್ಳುತ್ತೆ, ಆಮೇಲೆ ತಾಳೆಗರಿ ಒತ್ತಿ ಹೊಳಪು. ಬೀಟೆಗೆ ಅರಗು ಬಣ್ಣ ಕೊಡೋದೇನೂ ಬೇಡ, ಅಡ್ಡ ಬರದಿದ್ರೆ ಸಾಕು.

ಜಡಿಮಳೇಲಿ ಮಾತ್ರ ಈ ಪಾಲಿಶ್ ಮುಟ್ಬೇಡಿ, ಗಾಳಿಯ ತೇವ ಸೇರಿ ಮೇಲೆ ಬೆಳ್ಳಗೆ ಮಬ್ಬು ಕಟ್ಟುತ್ತೆ. ಬಿಸಿಲು ಬರ್ಲಿ, ಅಲ್ಲೀವರೆಗೆ ಕೈ ಸುಮ್ನಿರದಿದ್ರೆ 320 ತಗೊಂಡು ಉಜ್ಜಿ.