ಮಾತಿನ ಜೊತೆ ಮಟ್ಟೂ ಉಳಿಯಲಿ

ಸ್ಕಾಟ್‌ಲೆಂಡಿನಲ್ಲಿ ಕೇಟಿ ಬೇರ್ಡಿ ಅಂತ ಒಂದು ಹಳೇ ಮಕ್ಕಳ ಪದ್ಯ ಇದೆ. ಕೇಟಿಗೊಂದು ಹಸು ಇತ್ತು, ಅದರ ಮೂತಿ ಸುತ್ತ ಕಪ್ಪು ಬಿಳುಪು. ಎಂಥಾ ಚೆಂದದ ಹಸು ಅಲ್ವಾ, ಕುಣಿಯೇ ಕೇಟಿ! ಆಮೇಲೆ ಕೋಳಿ ಬರುತ್ತದೆ, ಮಂಜುಗಡ್ಡೆ ಮೇಲೆ ಜಾರುವ ಹಂದಿಮರಿ ಬರುತ್ತದೆ. ಎಡಿನ್‌ಬರೊದಲ್ಲಿ ಶಾಲೆಗೆ ಹೋಗುವ ನನ್ನ ಮಗಳಿಗೆ ಇದು ಬಾಯಿಪಾಠ.

ಇಂಥ ಪದ್ಯಗಳ ಮಾತು ಉಳಿದು ಮಟ್ಟು ಕಳೆದುಹೋಗುವುದೇ ಜಾಸ್ತಿ. ಇದರ ಹಳೇ ಮಟ್ಟು ಮಾತ್ರ ಸಿಕ್ಕಿತು. ಸಿಕ್ಕಿದ್ದು 17ನೇ ಶತಮಾನದ ಸ್ಕೀನ್ ಹಸ್ತಪ್ರತಿಯಲ್ಲಿ. ಮ್ಯಾಂಡೋರಾ ಎಂಬ ತಂತಿವಾದ್ಯಕ್ಕಾಗಿ ಬರೆದಿಟ್ಟ ಪುಸ್ತಕ ಅದು. ಅದರಲ್ಲಿ ಸ್ವರ ಬರೆದಿಲ್ಲ. ಒಂದೊಂದು ಗೆರೆ ಒಂದೊಂದು ತಂತಿ. ಗೆರೆ ಮೇಲಿನ ಅಕ್ಷರ ನೋಡಿ ಬೆರಳು ಯಾವ ಮೆಟ್ಟಿಲ ಮೇಲೆ ಇಡಬೇಕು ಅಂತ ತಿಳಿಯಬೇಕು. ತಂತಿಗಳನ್ನು ಯಾವ ಶ್ರುತಿಗೆ ಕೂರಿಸಿದ್ದರು ಅಂತ ಗೊತ್ತಾಗದೆ ಮಟ್ಟು ಹುಟ್ಟುವುದಿಲ್ಲ. ಜಾರ್ಜ್ ಫಾರ್ಕರ್ ಗ್ರಹಾಂ ಎಂಬ ಸಂಗೀತ ವಿದ್ವಾಂಸರು ಆ ಬರಹವನ್ನು ಸ್ವರಕ್ಕೆ ಬಿಡಿಸಿದರು. ವಿಲಿಯಂ ಡಾನಿ 1838ರಲ್ಲಿ ಅಚ್ಚು ಹಾಕಿಸಿದರು, ಮಕ್ಕಳ ಪದ್ಯವನ್ನೂ ಆ ಮಟ್ಟಿನ ಜೊತೆಗೇ ಕೊಟ್ಟರು.

ಮಕ್ಕಳ ಪದ್ಯ ತಾನೇ ಅಂತ ಸುಮ್ನೆ ಬಿಡಲಿಲ್ಲವಲ್ಲ, ಅದೇ ನನಗೆ ತುಂಬಾ ಇಷ್ಟವಾಗುವುದು. 20ನೇ ಶತಮಾನದ ಶುರುವಿನಲ್ಲಿ ಅಬರ್ಡೀನ್‌ಶೈರ್‌ನ ಗ್ಯಾವಿನ್ ಗ್ರೇಗ್ ಎಂಬ ಮೇಷ್ಟ್ರು, ಜೇಮ್ಸ್ ಡಂಕನ್ ಎಂಬ ಪಾದ್ರಿ ಸೇರಿ ತಮ್ಮ ಸೀಮೆಯ 3000ಕ್ಕೂ ಹೆಚ್ಚು ಮಟ್ಟು ಬರೆದಿಟ್ಟರು. 1951ರಲ್ಲಿ ಎಡಿನ್‌ಬರೊ ವಿಶ್ವವಿದ್ಯಾಲಯದಲ್ಲಿ ಸ್ಕೂಲ್ ಆಫ್ ಸ್ಕಾಟಿಷ್ ಸ್ಟಡೀಸ್ ಶುರುವಾಯಿತು. ಅಲ್ಲಿನವರು ಊರೂರಲ್ಲಿ ಧ್ವನಿಮುದ್ರಿಸಿಕೊಂಡ ಎಷ್ಟೋ ಹಾಡುಗಳನ್ನು ಇವತ್ತು ಟೋಬರ್ ಅನ್ ಡುವಲ್ಖಿಶ್ ಜಾಲತಾಣದಲ್ಲಿ ಮನೆಯಲ್ಲೇ ಕೂತು ಕೇಳಬಹುದು.

ನಮ್ಮ ಕಡೆ ಹಾಡು ಬಾಯಿಂದ ಬಾಯಿಗೆ ಬಂತು. ಜನಪದ ಹಾಡಿನ ಪುಸ್ತಕಗಳಿಗೇನೂ ಬರವಿಲ್ಲ, ಆದರೆ ಅವುಗಳಲ್ಲಿ ಮಾತೇ ಜಾಸ್ತಿ. ಯಕ್ಷಗಾನ ಪ್ರಸಂಗಗಳಲ್ಲಿ ಪದ್ಯದ ಮೇಲೆ ರಾಗ, ತಾಳ ಬರೆದಿರುತ್ತಾರೆ, ಅದು ದೊಡ್ಡ ಉಪಕಾರ. ಆದರೂ ಭಾಗವತರ ಬಾಯಲ್ಲಿ ಕೇಳದವರಿಗೆ ಅಷ್ಟರಿಂದ ಪದ ಎತ್ತಲು ಬರುವುದಿಲ್ಲ. ಊರಲ್ಲಿ ಹಾಡುವವರು, ಕೇಳುವವರು ಒಂದೇ ಅಂಗಳದಲ್ಲಿ ಇರುವ ತನಕ ಬಾಯಿಪಾಠದಷ್ಟು ಒಳ್ಳೇ ದಾರಿ ಇನ್ನೊಂದಿಲ್ಲ ಅಂತಲೇ ನನ್ನ ನಂಬಿಕೆ. ಹೊರನಾಡಿಗೆ ಬಂದ ನಮಗೆ ಆ ಅಂಗಳ ಇಲ್ಲ.

ನಮ್ಮ ಅಜ್ಜಿ ಸಾಗರದ ಕಡೆಯವರು. ಲಾಲಿ ಹೇಳುವಾಗ ಸಾಲಿನ ಕೊನೆ ಅಕ್ಷರ ಎಳೆದು, ತೊಟ್ಟಿಲು ವಾಪಸ್ ಬರುವ ತನಕ ಕಾದು, ಆಮೇಲೆ ಮುಂದಿನ ಸಾಲು ಎತ್ತುತ್ತಿದ್ದರು. ಇಲ್ಲಿನ ನಮ್ಮ ಮಕ್ಕಳು ಲಾಲಿ ಕಲಿಯುವುದು ವಿಡಿಯೋ ನೋಡಿ. ಅದರಲ್ಲಿ ಕೀಬೋರ್ಡಿನ ತಾಳ ಯಾರಿಗೂ ಕಾಯುವುದಿಲ್ಲ. ಮಾತು ಅದೇ, ಎಳೆತ ಹೋಯಿತು. ಎಷ್ಟೋ ಹಾಡುಗಳು ಒಂದೇ ಥರ ಕೇಳಿಸುತ್ತವೆ.

ಪ್ರತಿ ಬೇಸಿಗೆಯಲ್ಲಿ ಮೊಮ್ಮಕ್ಕಳನ್ನು ನೋಡಲು ಊರಿಂದ ಅಜ್ಜಿಯರು ಬರುತ್ತಾರಲ್ಲ, ನಮ್ಮ ಕನ್ನಡ ಕೂಟಗಳು ಅವರನ್ನು ಹಾಡಿಸಬೇಕು. ವೇದಿಕೆ ಬೇಡ, ಮೈಕ್ ಬೇಡ, ಅಡುಗೆಮನೆಯಲ್ಲಿ ಒಂದು ಫೋನ್ ಸಾಕು. ಅವರ ಹೆಸರು, ಊರು, ಯಾರಿಂದ ಕಲಿತರು ಅನ್ನುವುದನ್ನು ಅವರ ಬಾಯಲ್ಲೇ ಹೇಳಿಸಿ. ಮಾತು ಮರೆತಲ್ಲಿ ಬರೀ ಗುನುಗುತ್ತಾರೆ. ಅದನ್ನು ಮಾತ್ರ ಕತ್ತರಿಸಬೇಡಿ.