ಎಂಟು-ನಾಲ್ಕರ ಲೇಔಟ್

ಹೊಸದೊಂದು ಲೇಔಟ್ ಮಾಡ್ತಾ ಇದ್ದೀನಿ ಅಂತ ಎದುರು ಮನೆ ರಾಯರಿಗೆ ಹೇಳಿದ್ದೇ ತಪ್ಪಾಯಿತು. ಹಾಲಿನ ಪ್ಯಾಕೆಟ್ ಹಿಡಿದುಕೊಂಡೇ ಗೇಟಿನ ಹತ್ತಿರ ಬಂದರು.

"ಯಾವ ಕಡೆ ಸಾರ್? ಅಪ್ರೂವಲ್ ಆಗಿದ್ಯಾ?"

"ಇಲ್ಲೇ ರಾಯರೇ, ಮಹಡಿ ಮೇಲೆ. ಎಂಟು-ನಾಲ್ಕು."

"ಎಂಟು ಎಕರೆ ನಾಲ್ಕು ಗುಂಟೆನಾ!"

ಎಕರೆ ಅಲ್ಲ ಅಡಿ, ಸೈಟು ಅಲ್ಲ ರೈಲು, ಅದೂ ಆಟದ ರೈಲು, ಅದರ ಹಳಿ ಕೂರಿಸುವ ಹಲಗೆಗೂ ಲೇಔಟ್ ಅಂತಲೇ ಹೆಸರು ಅಂತ ಬಿಡಿಸಿ ಹೇಳುವಷ್ಟರಲ್ಲಿ ಅವರ ಮುಖದಲ್ಲಿ ಕಾರ್ನರ್ ಸೈಟು ಕೈತಪ್ಪಿದ ಬೇಜಾರು. ಈಗಲೂ ನನ್ನನ್ನು ಕಂಡರೆ "ಏನು ಸಾರ್, ರಿಜಿಸ್ಟ್ರೇಷನ್ ಆಯ್ತಾ?" ಅಂತಾರೆ.

ಇದಕ್ಕೆಲ್ಲ ಮೂಲ ನನ್ನ ಭಾವಮೈದ. ಜರ್ಮನಿಯಿಂದ ಬರುವಾಗ ನಮ್ಮ ಮಗಳಿಗೆ ಅಂತ ಒಂದು ರೈಲು ಸೆಟ್ ತಂದ. ಪುಟ್ಟ ಕಪ್ಪು ಉಗಿಬಂಡಿ, ಮೂರು ಗೂಡ್ಸ್ ಡಬ್ಬಿ, ಕೋಳಿಮೊಟ್ಟೆ ಆಕಾರಕ್ಕೆ ಜೋಡಿಸುವ ಹಳಿ. ಮಗಳು ಎರಡು ದಿನ ಆಡಿದಳು, ನಾನು ಎರಡು ವಾರ ಆಡಿದೆ. ಒಂದು ಸಂಜೆ ಅವಳು ಹೋಂವರ್ಕ್ ಮಾಡುತ್ತಾ ತಲೆಯೆತ್ತಿ, "ಅಪ್ಪಾ, ಈ ರೈಲು ಎಲ್ಲಿಂದ ಎಲ್ಲಿಗೆ ಹೋಗತ್ತೆ?" ಅಂದಳು. ಸೋಫಾದಿಂದ ಹೊರಟು ಸೋಫಾಗೇ ಬರ್ತಿತ್ತು. ಉತ್ತರ ಹೇಳಲು ನಾಚಿಕೆಯಾಯಿತು.

ಈ ಹುಚ್ಚು ಗಟ್ಟಿಯಾಗಿ ಹಿಡಿದವರು ಸುಮ್ನೆ ಸುತ್ತು ಹೊಡೆಸೋದಿಲ್ಲ. ನಿಜವಾದ ಒಂದು ರೈಲುದಾರಿ ಆರಿಸಿಕೊಂಡು, ಅದರ ಸ್ಟೇಷನ್ನು, ಸೇತುವೆ, ಗುಡ್ಡ ಎಲ್ಲವನ್ನೂ ಅಳತೆ ಪ್ರಕಾರ ಚಿಕ್ಕದು ಮಾಡಿ ಕಟ್ಟುತ್ತಾರೆ. ಸರಿ, ನಾವೂ ಒಂದು ದಾರಿ ಆರಿಸೋಣ, ಅದೇನು ಮಹಾ ಅಂದುಕೊಂಡೆ. ನನ್ನ ಮದುವೆಗೆ ಹೆಣ್ಣು ನೋಡೋದು ಇದಕ್ಕಿಂತ ಬೇಗ ಮುಗಿದಿತ್ತು.

ನನ್ನ ಓಟು ಊಟಿ ರೈಲಿಗೆ. ಮೈಸೂರಿನವರಿಗೆ ಊಟಿ ಅಂದರೆ ಹಿತ್ತಲು ಇದ್ದ ಹಾಗೆ. ಮೇಟ್ಟುಪಾಳ್ಯಂನಿಂದ ಕೂನೂರಿನವರೆಗೆ 1899ರಲ್ಲಿ, ಊಟಿಯವರೆಗೆ 1908ರಲ್ಲಿ ಬಂದ ಮೀಟರ್‌ಗೇಜ್ ದಾರಿ, ಅಂದರೆ ಎರಡು ಹಳಿಗಳ ನಡುವೆ ಒಂದು ಮೀಟರ್ ಅಂತರ. ಘಾಟಿಯಲ್ಲಿ ಏರು ಎಷ್ಟು ಕಡಿದು ಅಂದರೆ ಹನ್ನೆರಡು ಅಡಿ ಹೋದರೆ ಒಂದಡಿ ಮೇಲೆ. ಚಕ್ರ ಜಾರದ ಹಾಗೆ ಎರಡು ಹಳಿಗಳ ನಡುವೆ ಹಲ್ಲಿರುವ ಪಟ್ಟಿ ಹಾಕಿದ್ದಾರೆ. ಇಂಜಿನ್ನಿನ ಹಲ್ಲುಗಾಲಿ ಅದನ್ನು ಕಚ್ಚಿಕೊಂಡು, ಹಿಂದಿನಿಂದ ಡಬ್ಬಿಗಳನ್ನು ತಳ್ಳಿಕೊಂಡು ಹತ್ತುತ್ತದೆ. ನಮ್ಮ ಜರ್ಮನ್ ಇಂಜಿನ್ನಿಗೆ ಹಲ್ಲೂ ಇಲ್ಲ, ಏನೂ ಇಲ್ಲ. ಆದರೂ ನೋಡೋಣ ಅಂತ ಒಂದು ಹಲಗೆಗೆ ಹಳಿ ಕೂರಿಸಿ, ಒಂದು ತುದಿಗೆ ನಿಘಂಟಿನ ದಪ್ಪ ಸಂಪುಟಗಳನ್ನು ಕೊಟ್ಟು ಎತ್ತರಿಸಿದೆ. ಇಂಜಿನ್ ಒಂದು ಗೇಣು ಹತ್ತಿತು. ಅಲ್ಲೇ ನಿಂತು ಚಕ್ರ ಗಿರಗಿರ ತಿರುಗಿಸಿತು. ಆಮೇಲೆ ಮೂರು ಡಬ್ಬಿ ಸಮೇತ ಹಿಂದಕ್ಕೆ ಜಾರಿ, ಕೊನೇ ಡಬ್ಬಿ ನೇರವಾಗಿ ನನ್ನ ಕಾಫಿ ಲೋಟದೊಳಗೆ. ಕಾಫಿ ನಿಘಂಟಿನ 'ಪ'ಕಾರದ ಮೇಲೆ ಹೋಯಿತು. ಅಲ್ಲಿಗೆ ಊಟಿ ಕೈಬಿಟ್ಟೆ.

ಹೆಂಡತಿ ಪುತ್ತೂರಿನವಳು. ಒರೆಸುವ ಬಟ್ಟೆ ತಂದುಕೊಟ್ಟು, "ಎಂತ ಮಾರಾಯ್ರೆ ನಿಮ್ಮದು, ಊಟಿಗೆ ಹೋಗಿ ಎಷ್ಟು ವರ್ಷ ಆಯ್ತು? ವರ್ಷಕ್ಕೆ ನಾಲ್ಕು ಸಲ ಹೋಗುವುದು ಕಬಕ ಪುತ್ತೂರಿಗೆ. ಆ ಘಾಟಿ ಮಾಡಿ" ಅಂದಳು. ಮಾತು ನ್ಯಾಯವಾಗಿತ್ತು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ ಇಳಿಯುವ ಆ ದಾರಿಗಿಂತ ಚೆಂದದ್ದು ಎಲ್ಲಿದೆ? ದೋಣಿಗಲ್, ಕಡಗರವಳ್ಳಿ, ಎಡಕುಮೇರಿ, ಶಿರಿಬಾಗಿಲು, ಹೆಸರು ಕೇಳಿದರೇ ಮಳೆ ಬಂದ ಹಾಗಾಗತ್ತೆ. 1979ರಲ್ಲಿ ಮೀಟರ್‌ಗೇಜ್ ಆಗಿ ಶುರುವಾದದ್ದು, 1996ರಲ್ಲಿ ಬ್ರಾಡ್‌ಗೇಜ್ ಮಾಡ್ತೀವಿ ಅಂತ ಮುಚ್ಚಿದರು. ಮತ್ತೆ ಪ್ಯಾಸೆಂಜರ್ ರೈಲು ಓಡಿದ್ದು 2007ರ ಕೊನೆಗೆ. ಆ ಹನ್ನೊಂದು ವರ್ಷದ ಮಧ್ಯೆ ನಮ್ಮ ಮದುವೆಯಾದ ಕಾರಣ, ಬೀಗರ ಊರಿಗೆ ಹೋಗುವಾಗ ಶಿರಾಡಿ ಘಾಟಿಯ ಬಸ್ಸಿನಲ್ಲಿ ನಾನು ಪಟ್ಟ ಪಾಡು ಬೇರೆಯೇ ಒಂದು ಬರಹ.

ಕ್ಯಾಲ್ಕುಲೇಟರ್ ಹಿಡಿದು ಕೂತೆ. ನಮ್ಮ ಸೆಟ್ಟಿನ ಅಳತೆ 1:87, ಅಂದರೆ ನಿಜದ 87 ಮೀಟರಿಗೆ ಇಲ್ಲಿ ಒಂದು ಮೀಟರ್. ಘಾಟಿ ಸುಮಾರು 55 ಕಿಲೋಮೀಟರ್. ಚಿಕ್ಕದು ಮಾಡಿದರೂ 630 ಮೀಟರ್ ಬೇಕು. ಮಹಡಿಯಿಂದ ಹೊರಟು ರಾಯರ ಮನೆ, ಬೇಕರಿ, ಗಣಪತಿ ದೇವಸ್ಥಾನ ದಾಟಿ ಮುಖ್ಯರಸ್ತೆ ಸಿಗ್ನಲ್ ತನಕ. ಹೋಗಲಿ, ದೂರ ಕುಗ್ಗಿಸೋಣ ಅಂದರೆ ಸುರಂಗ 57 ಇವೆ. ಎಂಟಡಿ ಹಲಗೆ ಮೇಲೆ ಅಷ್ಟನ್ನೂ ಕೂರಿಸಿದರೆ ನಾಲ್ಕು ಸೆಂಟಿಮೀಟರಿಗೆ ಒಂದು ಸುರಂಗ. ಅಂದರೆ ಎಲ್ಲ ಅಂಟಿಕೊಂಡು ಒಂದೇ ಸುರಂಗ, ಒಳಗೆ ಹೋದ ರೈಲು ಮತ್ತೆ ಕಾಣೋದೇ ಇಲ್ಲ. ಇನ್ನು ಆ ಭಯಂಕರ ಏರು, ಐವತ್ತಕ್ಕೆ ಒಂದು. ನಮ್ಮ ಎಂಟಡಿಯಲ್ಲಿ ಅದು ಐದು ಸೆಂಟಿಮೀಟರ್. ಇಡ್ಲಿ ಮೇಲೆ ಇಡ್ಲಿ ಇಟ್ಟಷ್ಟು. ಇದೇನಾ ಪಶ್ಚಿಮ ಘಟ್ಟ?

ತಿರುವಿನದ್ದು ಇನ್ನೂ ಮಜಾ. ನಮ್ಮ ರೈಲ್ವೆಯವರು ಬ್ರಾಡ್‌ಗೇಜಿನಲ್ಲಿ ಒಪ್ಪುವ ಅತಿ ಬಿಗಿಯಾದ ತಿರುವಿನ ತ್ರಿಜ್ಯ 175 ಮೀಟರ್. ಅದು 1:87ರಲ್ಲಿ ಎರಡು ಮೀಟರ್. ಅರ್ಧ ಸುತ್ತು ತಿರುಗಿಸೋಕೆ ನಾಲ್ಕು ಮೀಟರ್ ಅಗಲ, ನಮ್ಮ ರೂಮಿನ ಗೋಡೆ ಒಡೆದು ಪಕ್ಕದ ಮನೆಯವರ ದೇವರ ಕೋಣೆಗೆ ಸ್ವಲ್ಪ ನುಗ್ಗಬೇಕು. ಅದರ ಮೇಲೆ ಭಾರತದ ಬ್ರಾಡ್‌ಗೇಜಿನಲ್ಲಿ ಹಳಿಗಳ ಅಂತರ 1676 ಮಿಲಿಮೀಟರ್, ಯುರೋಪಿನ ಹೆಚ್ಚಿನ ಕಡೆ 1435. ಹಾಗಾಗಿ ನಮ್ಮ ಸೆಟ್ಟಿನ 16.5 ಮಿಲಿಮೀಟರ್ ಹಳಿ ಮೇಲೆ ಪುತ್ತೂರು ರೈಲು ನಿಲ್ಲಿಸಿದರೆ, ದೊಡ್ಡ ಮನುಷ್ಯ ಮಗನ ಚಪ್ಪಲಿ ಹಾಕಿಕೊಂಡ ಹಾಗೆ ಕಾಣತ್ತೆ. ಇದೆಲ್ಲ ವಿವರಿಸಿದೆ. "ಆಗುವುದಿಲ್ಲ ಅಂತ ಹೇಳಿದ್ರೆ ಸಾಕಿತ್ತು" ಅಂತ ಎದ್ದು ಹೋದಳು. ಆವತ್ತು ಸಾರಿಗೆ ಉಪ್ಪು ಜಾಸ್ತಿಯಿತ್ತು.

ಮಗಳಿಗೆ ವಂದೇ ಭಾರತ್ ಬೇಕು. 16 ಡಬ್ಬಿಯದ್ದಾದರೆ 1:87ರಲ್ಲೂ ನಾಲ್ಕು ಮೀಟರ್ ದಾಟತ್ತೆ. ನಮ್ಮ ಹಲಗೆಯ ಸುತ್ತು ಹಳಿಯ ಒಟ್ಟು ಉದ್ದವೇ ಐದೂವರೆ ಮೀಟರ್. ಬಾಲ ಹಿಡಿಯೋಕೆ ಸುತ್ತುವ ನಾಯಿ ಥರ. ಕೋಲಾರದ ಕಡೆಯ ಹಳೇ ನ್ಯಾರೋಗೇಜ್ ಬಗ್ಗೆಯೂ ಯೋಚಿಸಿದೆ, ಹಳಿ ಬೇರೆ ತರಿಸಬೇಕು. ಕ್ಯಾಸಲ್‌ರಾಕ್ ಘಾಟಿಯ ದೂಧ್‌ಸಾಗರ ಅಂದೆ. ಜಲಪಾತಕ್ಕೆ ಪಂಪು ಅನ್ನುತ್ತಿದ್ದ ಹಾಗೇ ಹೆಂಡತಿ ಅಡುಗೆಮನೆಯಿಂದಲೇ "ಬೇಡ" ಅಂದಳು.

ಅಮ್ಮ ಇಷ್ಟು ದಿನ ಏನೂ ಹೇಳಿರಲಿಲ್ಲ. ಹೂಬತ್ತಿ ಹೊಸೆಯುತ್ತಾ ಕೂತವಳು ಒಂದಿನ, "ನಮ್ಮ ತಾಳಗುಪ್ಪ ರೈಲು ಮಾಡಾ ಅಪ್ಪಿ, ಅದು ಒಂದೇ ಡಬ್ಬಿ" ಅಂದಳು. ನಾನು ನಕ್ಕುಬಿಟ್ಟೆ. ಪ್ಲೈವುಡ್ ಆಗಲೇ ಆರ್ಡರ್ ಮಾಡಿದ್ದೆ, ಸುತ್ತು ಹಳಿಯ ಪ್ಲಾನೂ ಬರೆದಿದ್ದೆ, ಯಾವ ದಾರಿ ಅನ್ನೋದು ಮಾತ್ರ ಬಾಕಿ. ಅಂದರೆ ಮನೆ ಕಟ್ಟಿಸಿ ಆಮೇಲೆ ಊರು ಹುಡುಕೋ ಕೆಲಸ.

ಪ್ಲೈವುಡ್ ಭಾನುವಾರ ಬಂತು. ಎಂಟಡಿ ಉದ್ದ, ನಾಲ್ಕಡಿ ಅಗಲ. ಗೇಟು ದಾಟಿತು, ಹಾಲ್ ದಾಟಿತು, ಮೆಟ್ಟಿಲಿನ ತಿರುವಿನಲ್ಲಿ ಸಿಕ್ಕಿಕೊಂಡಿತು. ಮೇಲೂ ಹೋಗದು, ಕೆಳಗೂ ಬಾರದು. ನಾನು ಮೇಲಿನ ತುದಿಯಲ್ಲಿ, ಆಟೋದವನು ಕೆಳಗಿನ ತುದಿಯಲ್ಲಿ, ನಡುವೆ ಹಲಗೆ. ಅಮ್ಮನಿಗೆ ಸ್ನಾನಕ್ಕೆ ಕೆಳಗೆ ಬರೋಕಾಗದೆ ಮಹಡಿಯಲ್ಲೇ ಮುಕ್ಕಾಲು ಗಂಟೆ ಕೂರಬೇಕಾಯಿತು. ರಾಯರು ಬಂದು ನೋಡಿ "ಲೇಔಟಿಗೆ ರೋಡ್ ಬಿಟ್ಟಿಲ್ವಾ ಸಾರ್?" ಅಂದರು. ಕೊನೆಗೆ ಬಡಗಿಯನ್ನು ಕರೆಸಿದೆವು. ಅವನು ಒಂದು ಸಲ ಹಲಗೆ ನೋಡಿದ, ಒಂದು ಸಲ ನನ್ನನ್ನು ನೋಡಿದ, ಮೆಟ್ಟಿಲ ಮೇಲೇ ನಿಂತು ಉದ್ದಕ್ಕೆ ಸೀಳಿದ. ಎಂಟಕ್ಕೆ ಎರಡರ ಎರಡು ತುಂಡು.

ಎರಡಡಿ ಅಗಲದಲ್ಲಿ ಸುತ್ತು ಹಳಿ ಕೂರೋದಿಲ್ಲ. ನಮ್ಮ ಸೆಟ್ಟಿನ ತಿರುವಿಗೆ ಕಡೇಪಕ್ಷ ಮೂರೂಕಾಲು ಅಡಿ ಬೇಕು. ಇನ್ನು ರೈಲು ಸುತ್ತುವ ಹಾಗಿಲ್ಲ. ಒಂದು ಕಡೆಯಿಂದ ಬಂದು ಇನ್ನೊಂದು ಕಡೆ ನಿಲ್ಲಬೇಕು. ದಾರಿ ಮುಗಿಯುವ ಊರು ಬೇಕು. ಅಮ್ಮ ಸ್ನಾನ ಮುಗಿಸಿ ತಲೆ ಒರೆಸಿಕೊಳ್ಳುತ್ತಾ ನನ್ನ ಕಡೆ ನೋಡಿದಳು. ಏನೂ ಹೇಳಲಿಲ್ಲ.

ಶಿವಮೊಗ್ಗದಿಂದ ಹೊರಟು ಕುಂಸಿ, ಅರಸಾಳು, ಆನಂದಪುರ, ಸಾಗರ ಜಂಬಗಾರು ದಾಟಿ ಹಳಿ ಮುಗಿಯೋದೇ ತಾಳಗುಪ್ಪದಲ್ಲಿ. ಮುಂದೆ ಜೋಗ, ರಸ್ತೆಯಲ್ಲೇ ಹೋಗಬೇಕು. ಮೀಟರ್‌ಗೇಜ್ ಕಾಲದ ಕೊನೆಯಲ್ಲಿ ಅಲ್ಲಿ ಓಡುತ್ತಿದ್ದದ್ದು ರೈಲ್‌ಬಸ್ಸು. ಬಸ್ಸನ್ನೇ ಎತ್ತಿ ಹಳಿ ಮೇಲೆ ಇಟ್ಟ ಹಾಗೆ. 2011ರ ಹೊತ್ತಿಗೆ ಬ್ರಾಡ್‌ಗೇಜ್ ಬಂದು ಉದ್ದದ ರೈಲುಗಳು ಬಂದವು. ಅಮ್ಮ ತವರಿಗೆ ಹೋಗುವಾಗ ರೈಲ್‌ಬಸ್ಸಿನಲ್ಲೇ ಹೋಗುತ್ತಿದ್ದಳಂತೆ, ಕೈ ಅಡ್ಡ ಹಿಡಿದರೆ ನಿಲ್ಲಿಸುತ್ತಿದ್ದರಂತೆ. ಇದನ್ನು ನಾನಿನ್ನೂ ನಂಬಿಲ್ಲ.

ರಾತ್ರಿ ಹಾಸಿಗೆಯಲ್ಲಿ ಹೊಳೆಯಿತು. ಮೀಟರ್‌ಗೇಜ್ ಅಂದರೆ 1000 ಮಿಲಿಮೀಟರ್. ನನ್ನ ಹಳಿ 16.5. ಭಾಗಿಸಿದರೆ ಹತ್ತಿರ ಹತ್ತಿರ 60. ಅಂದರೆ ಹಳಿ ಬದಲಿಸುವುದೇ ಬೇಡ, ಅಳತೆಯನ್ನು 1:87ರಿಂದ 1:60ಕ್ಕೆ ಬದಲಿಸಿದರೆ ಆಯಿತು. ಅಂಗಡಿಯಲ್ಲಿ ಸಿಗುವ ಪುಟ್ಟ ಆಟದ ಕಾರುಗಳೆಲ್ಲ ಹೆಚ್ಚುಕಡಿಮೆ ಇದೇ ಅಳತೆಯವು, ಒಂದು ಬಸ್ಸು ಸಿಗಲಾರದೇ? ಖುಷಿಗೆ ಹೆಂಡತಿಯನ್ನು ಎಬ್ಬಿಸಿ "ಅರವತ್ತು!" ಅಂದೆ. "ಗಂಟೆ ಒಂದೂವರೆ ಈಗ" ಅಂತ ಮಗ್ಗುಲು ಬದಲಿಸಿದಳು.

ಜಾತ್ರೆ ಅಂಗಡಿಯ ಪ್ಲಾಸ್ಟಿಕ್ ಬಸ್ಸು ನೂರಿಪ್ಪತ್ತು ರೂಪಾಯಿ. ಜರ್ಮನ್ ಇಂಜಿನ್ನಿನ ಮೇಲ್ಮೈ ಕಳಚಿ, ಕೆಳಗಿನ ಮೋಟಾರು-ಚಕ್ರದ ಮೇಲೆ ಬಸ್ಸು ಕೂರಿಸಿದೆ (ಭಾವಮೈದನಿಗೆ ಈ ವಿಷಯ ಹೇಳಿಲ್ಲ, ವಿಡಿಯೋ ಕಾಲ್ ಬಂದಾಗ ಮಹಡಿಗೆ ಬಿಡೋದಿಲ್ಲ). ಸ್ಟೇಷನ್ನು ಹಳೇ ಲಗ್ನಪತ್ರಿಕೆಯ ರಟ್ಟಿನದ್ದು. ಹಳದಿ ಬೋರ್ಡಿನ ಮೇಲೆ ಹಲ್ಲುಕಡ್ಡಿಯಿಂದ ಹೆಸರು ಬರೆಯುವಾಗ ಕೊನೇ ಪ-ಒತ್ತಿಗೆ ಜಾಗ ಸಾಲದೆ ಅದು 'ತಾಳಗುಪ' ಆಗಿದೆ. ಪೊರಕೆ ಕಡ್ಡಿಗಳಿಂದ ಅಡಿಕೆ ತೋಟ ಮಾಡಿದೆ. ಹೆಂಡತಿ ಬಂದು, ಮಗಳ ಸ್ಕೇಲ್ ತಗೊಂಡು ಮರದಿಂದ ಮರಕ್ಕೆ ಅಳೆದಳು. "ಒಂಬತ್ತು ಅಡಿಗೆ ಒಂದು ನೆಡಬೇಕು. ನಿಮ್ಮ ಲೆಕ್ಕದಲ್ಲಿ ನಾಲ್ಕೂವರೆ ಸೆಂಟಿಮೀಟರ್. ಇಷ್ಟು ಒತ್ತೊತ್ತಾಗಿ ನೆಟ್ಟರೆ ಫಸಲು ಬರುವುದುಂಟಾ?" ಅಂದಳು. ನನ್ನ ಅರವತ್ತನ್ನು ಅವಳು ಮರೆತಿರಲಿಲ್ಲ. ತೋಟ ಕಿತ್ತು ಮತ್ತೆ ನೆಟ್ಟೆ.

ಮೊದಲ ಓಟ. ಎಲ್ಲರೂ ಸೇರಿದ್ದರು. ಬಸ್ಸು ಗುಂಯ್ ಅಂತ ಹೊರಟಿತು, ಸಾಗರ ದಾಟಿತು, ತಾಳಗುಪ್ಪ ಬಂತು, ನಿಲ್ಲಲಿಲ್ಲ. ಹಳಿಯ ಕೊನೆಗೆ ತಡೆ ಹಾಕೋದು ನಾನು ಮರೆತಿದ್ದೆ. ಸೀದಾ ಹಲಗೆಯ ಅಂಚು ದಾಟಿ, ಕೆಳಗಿದ್ದ ಈರುಳ್ಳಿ ಬುಟ್ಟಿಗೆ ಬಿತ್ತು. ತಾಳಗುಪ್ಪದಿಂದ ಹೊನ್ನಾವರಕ್ಕೆ ರೈಲು ಬೇಕು ಅಂತ ಅಲ್ಲಿನ ಜನ ಎಷ್ಟೋ ವರ್ಷದಿಂದ ಕೇಳುತ್ತಾ ಇದ್ದಾರೆ. ಆ ಕಡೆ ಹೊರಟ ಮೊದಲ ಗಾಡಿ ನನ್ನದೇ.

ಇನ್ನು ಹಳಿಗಳ ನಡುವಿನ ಜಲ್ಲಿ. ಬಣ್ಣ ಮಲೆನಾಡಿನ ಕೆಂಪು ಮಣ್ಣಿನಂತೆ ಇರಲಿ ಅಂತ ರಾಗಿ ಹರಡಿದೆ. ಮೊದಲು ನೀರು ಚಿಮುಕಿಸಿ, ಆಮೇಲೆ ನೀರು ಬೆರೆಸಿದ ಫೆವಿಕಾಲ್ ಹನಿಹನಿಯಾಗಿ ಬಿಡಬೇಕು. ನೀರು ಚಿಮುಕಿಸಿದೆ. ಅಷ್ಟರಲ್ಲಿ ಪುತ್ತೂರಿನಿಂದ ಫೋನ್ ಬಂತು, ನಾದಿನಿಗೆ ಗಂಡು ಗೊತ್ತಾಯಿತು ಅಂತ. ರಾತ್ರೋರಾತ್ರಿ ಹೊರಟೆವು. ಐದು ದಿನ ಬಿಟ್ಟು ಬಂದು ಮಹಡಿ ಬಾಗಿಲು ತೆಗೆದರೆ ಹಳಿ ಕಾಣುತ್ತಿಲ್ಲ. ಸಾಗರದಿಂದ ತಾಳಗುಪ್ಪದ ತನಕ ಹಸಿರು ಪೈರು. ನಾನಿಲ್ಲದಾಗ ಅಮ್ಮ ದಿನಾ ಬೆಳಿಗ್ಗೆ ತುಳಸಿಗೆ ಹಾಕಿ ಉಳಿದ ನೀರನ್ನು ಇಲ್ಲಿಗೂ ಹಾಕಿದ್ದಳು.

"ಗೊಂಬೆ ಹಬ್ಬಕ್ಕೆ ತಟ್ಟೇಲಿ ಹಾಕಿದ ಪೈರು ಒಂದು ವರ್ಷವೂ ಇಷ್ಟು ಚೆನ್ನಾಗಿ ಬಂದಿರ್ಲಿಲ್ಲ" ಅಂದಳು. ಆಮೇಲೆ ಬಗ್ಗಿ, ಕನ್ನಡಕ ಸರಿಮಾಡಿಕೊಂಡು ಹಲಗೆಯ ಮಟ್ಟಕ್ಕೆ ಕಣ್ಣಿಟ್ಟು ನೋಡಿದಳು. "ಮಳೆಗಾಲದಲ್ಲಿ ಹೀಂಗೇ ಇರ್ತಿತ್ತಾ ಅಪ್ಪಿ. ಹಳಿ ಮೇಲೆಲ್ಲ ಹುಲ್ಲು. ಬಸ್ಸು ಹುಲ್ಲಿನೊಳಗೇ ಬಂದಂಗೆ ಕಾಣ್ತಿತ್ತು."

ಫೆವಿಕಾಲ್ ಡಬ್ಬಿ ಮುಚ್ಚಿಟ್ಟೆ.

ಈಗ ದಸರಾ. ಹಲಗೆ ಮಹಡಿಯಿಂದ ಇಳಿದು (ಎರಡಡಿ ಅಗಲ, ಆರಾಮಾಗಿ ಇಳಿಯಿತು) ಹಾಲಿನಲ್ಲಿ ಗೊಂಬೆ ಮೆಟ್ಟಿಲಿನ ಮುಂದೆ ಬಂದಿದೆ. ಪಟ್ಟದ ಗೊಂಬೆಗಳು ಮೇಲೆ, ತಾಳಗುಪ್ಪ ಕೆಳಗೆ. ಸ್ಟೇಷನ್ನಿನ ಪಕ್ಕ ಶೆಟ್ಟಿ-ಶೆಟ್ಟಿತಿ ಅಂಗಡಿ ಹಾಕಿದ್ದಾರೆ. 1:60ರ ಲೆಕ್ಕದಲ್ಲಿ ಶೆಟ್ಟರ ಎತ್ತರ ಮೂವತ್ತು ಅಡಿ ಮೇಲಾಗತ್ತೆ. ಚನ್ನಪಟ್ಟಣದ ಆನೆ ಪ್ಲಾಟ್‌ಫಾರ್ಮಿನ ಮೇಲೆ ನಿಂತು ಬಸ್ಸಿಗೆ ಕಾಯುತ್ತಿದೆ. ಗೊಂಬೆ ನೋಡಲು ಬಂದ ಮಕ್ಕಳು ಕೈ ಅಡ್ಡ ಹಿಡಿಯುತ್ತಾರೆ, ಕಂಟ್ರೋಲರ್ ಹಿಡಿದ ಅಮ್ಮ ಬಸ್ಸು ನಿಲ್ಲಿಸುತ್ತಾಳೆ. ರಾಯರು ನಿನ್ನೆ ಸಂಜೆ ಬಂದು ಕೋಸಂಬರಿ ತಿನ್ನುತ್ತಾ ಬಹಳ ಹೊತ್ತು ನೋಡಿದರು. "ಈ ಸ್ಟೇಷನ್ ಪಕ್ಕದ ಜಾಗ ಖಾಲಿ ಇದೆಯಲ್ಲ ಸಾರ್, ಅದು ಯಾರದು?" ಅಂದರು.

ಉಳಿದರ್ಧ ಪ್ಲೈವುಡ್ ಮಂಚದ ಕೆಳಗಿತ್ತು. ಇವತ್ತು ಬೆಳಿಗ್ಗೆ ಚಪ್ಪಲಿ ಹುಡುಕಲು ಬಗ್ಗಿದಾಗ ನೋಡಿದೆ. ಅದರ ಮೇಲೆ ಸೀಮೆಸುಣ್ಣದಲ್ಲಿ, ಹೆಂಡತಿಯ ದುಂಡು ಅಕ್ಷರದಲ್ಲಿ, 'ಎಡಕುಮೇರಿ' ಅಂತ ಬರೆದಿತ್ತು.