ಕುಡಿಕೆ ಹೊನ್ನು ಖಾಲಿಯೇ ಆಗುವುದಿಲ್ಲ

ನಾನಿರುವ ಆಸ್ಟ್ರೇಲಿಯಾದಲ್ಲಿ ನಿವೃತ್ತರಿಗೆ ಒಂದು ವಿಚಿತ್ರ ನಿಯಮವಿದೆ. ಸಂಬಳದ ಕಾಲದಲ್ಲಿ ಕೂಡಿಬಿದ್ದ ಹಣವನ್ನು ಪಿಂಚಣಿ ಖಾತೆಗೆ ಹಾಕಿಕೊಂಡ ಮೇಲೆ ವರ್ಷವರ್ಷವೂ ಅದರಲ್ಲೊಂದು ಪಾಲನ್ನು ಹೊರಗೆ ತೆಗೆಯಲೇಬೇಕು. 65ರಿಂದ 74 ವಯಸ್ಸಿನವರು ನೂರಕ್ಕೆ 5, 75 ಆದವರು 6, 80ಕ್ಕೆ 7, 85ಕ್ಕೆ 9, 90ಕ್ಕೆ 11, 95 ದಾಟಿದರೆ 14. ತೆಗೆಯದಿದ್ದರೆ ಆ ಖಾತೆಗಿರುವ ತೆರಿಗೆ ವಿನಾಯಿತಿ ಹೋಗುತ್ತದೆ. ಹಾಸನದಲ್ಲಿರುವ ನನ್ನ ಸೋದರಮಾವನಿಗೆ ಇದನ್ನು ಹೇಳಿದರೆ ನಂಬಲಿಲ್ಲ. "ಉಳಿಸಿ ಉಳಿಸಿ ಅನ್ನೋ ಸರ್ಕಾರ ನೋಡಿದೀನಿ, ತೆಗೀರಿ ಅಂತ ಬೆನ್ನು ಹತ್ತೋ ಸರ್ಕಾರ ಎಲ್ಲಿದ್ಯೋ?" ಅಂದರು.

ಈ ಖಾತೆಗೆ ಇಲ್ಲಿ 'ಸೂಪರ್' ಅನ್ನುತ್ತಾರೆ. 1992ರಲ್ಲಿ ಕಡ್ಡಾಯವಾಗಿ ಶುರುವಾದದ್ದು. ಈಗ ಸಂಬಳದ ಜೊತೆಗೆ ಕಂಪನಿಯವರು ನೂರಕ್ಕೆ 12ರಷ್ಟು ತುಂಬಬೇಕು. ನಮ್ಮ ಪಿಎಫ್ ಇದ್ದಹಾಗೆ. ಒಳಗೆ ಹಾಕುವಾಗ ಎರಡೂ ಕಡೆ ಒತ್ತಾಯವಿದೆ. ಹೊರಗೆ ತೆಗೆಯುವಾಗ ಮಾತ್ರ ನಮ್ಮಲ್ಲಿ ಯಾರೂ ಏನೂ ಹೇಳುವುದಿಲ್ಲ. ಹೇಳದಿದ್ದಾಗ ಏನಾಗುತ್ತದೆ ಎನ್ನುವುದಕ್ಕೆ ಮಾವನೇ ಒಳ್ಳೆಯ ಉದಾಹರಣೆ.

ಮಾವ ವಿದ್ಯುತ್ ಮಂಡಳಿಯಲ್ಲಿದ್ದು ನಿವೃತ್ತರಾದವರು. ವಯಸ್ಸು 74. ಪಿಂಚಣಿ ಬರುತ್ತದೆ, ತುಟ್ಟಿಭತ್ಯೆ ಏರಿದಾಗ ಅದೂ ಏರುತ್ತದೆ. ಮನೆ ಸ್ವಂತದ್ದು. 2023ರಲ್ಲಿ ಹಿರಿಯ ನಾಗರಿಕರ ಉಳಿತಾಯ ಯೋಜನೆಯ ಮಿತಿ 15 ಲಕ್ಷದಿಂದ 30 ಲಕ್ಷಕ್ಕೆ ಏರಿದಾಗ ಪೂರ್ತಿ 30 ಲಕ್ಷ ಹಾಕಿದರು. ಬಡ್ಡಿ 8.2. ಅಂದರೆ ಮೂರು ತಿಂಗಳಿಗೊಮ್ಮೆ 61,500 ರೂಪಾಯಿ. ಏಪ್ರಿಲ್, ಜುಲೈ, ಅಕ್ಟೋಬರ್, ಜನವರಿ ಒಂದನೇ ತಾರೀಕಿಗೆ ಅದು ಜಮೆಯಾಗುತ್ತದೆ. ಅದಾದ ಒಂದೆರಡು ದಿನದಲ್ಲಿ ಮಾವ ಛತ್ರಿ, ಪಾಸ್‌ಬುಕ್ ಹಿಡಿದು ಬ್ಯಾಂಕಿಗೆ ಹೋಗಿ ಆ ಬಡ್ಡಿಯನ್ನೇ ಇನ್ನೊಂದು ಎಫ್‌ಡಿ ಮಾಡಿ ಬರುತ್ತಾರೆ. ರಸೀತಿಗಳೆಲ್ಲ ರಬ್ಬರ್ ಬ್ಯಾಂಡ್ ಹಾಕಿದ ಒಂದು ಪ್ಲಾಸ್ಟಿಕ್ ಕವರಿನಲ್ಲಿವೆ. ಪ್ರತಿಯೊಂದರ ಮೂಲೆಯಲ್ಲೂ ಪೆನ್ಸಿಲಿನಲ್ಲಿ ಅವಧಿ ಮುಗಿಯುವ ತಾರೀಕು. ಅವಧಿ ಮುಗಿದರೆ ಮತ್ತೆ ಎಫ್‌ಡಿ.

ಇದೇ ಮಾವನಿಗೆ ಎರಡು ಕಿವಿಯೂ ಮಂದ. ಅವರ ಮನೆ ಟಿವಿಯ ಸದ್ದು ಎಷ್ಟೆಂದರೆ, ವಾರ್ತೆ ಕೇಳಲು ಎದುರುಮನೆಯವರು ತಮ್ಮ ಟಿವಿ ಹಾಕಬೇಕಿಲ್ಲ. ಡಾಕ್ಟರು ಕಿವಿಯ ಮಿಷನ್ ಹಾಕಿಸಿ ಎಂದು ಬರೆದುಕೊಟ್ಟು ಎಷ್ಟೋ ಕಾಲವಾಯಿತು. ಕೇಳಿದರೆ, "ಇನ್ನೆಷ್ಟು ದಿನ ಇರ್ತೀನಿ ಅಂತ ಅಷ್ಟು ದುಡ್ಡು ಸುರೀಲಿ, ಬಿಡೋ" ಅನ್ನುತ್ತಾರೆ. ಸರಿ, ಇನ್ನು ಸ್ವಲ್ಪವೇ ದಿನ ಎನ್ನುವುದಾದರೆ ಅತ್ತೆಯನ್ನು ಕರೆದುಕೊಂಡು ಕಾಶಿಗಾದರೂ ಹೋಗಿಬನ್ನಿ ಅಂದರೆ, "ಮುಂದೆ ಏನೇನು ಕಾದಿದೆಯೋ, ದುಡ್ಡು ಇರಲಿ" ಅನ್ನುತ್ತಾರೆ. ಬದುಕು ಇನ್ನು ಗಿಡ್ಡ ಎಂದು ಖರ್ಚು ಬೇಡ. ಬದುಕು ಇನ್ನೂ ಉದ್ದ ಎಂದೂ ಖರ್ಚು ಬೇಡ. ಎರಡು ಮಾತೂ ಒಂದೇ ಬಾಯಲ್ಲಿ, ಒಂದೇ ಸಂಜೆ. ಇದನ್ನು ಜಿಪುಣತನ ಎಂದು ನಾನು ಕರೆಯಲಾರೆ. ಮಗಳ ಮದುವೆಗೆ, ಮಗನ ಸೈಟಿಗೆ ಹಿಂದೆಮುಂದೆ ನೋಡದೆ ಕೊಟ್ಟ ಮನುಷ್ಯ ಅವರು. ತನಗೆ ಎಂದಾಗ ಮಾತ್ರ ಕೈ ಕಟ್ಟಿಹೋಗುತ್ತದೆ.

ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎಂಬ ಮಾತನ್ನು ಕೇಳಿಕೊಂಡೇ ನಾವೆಲ್ಲ ಬೆಳೆದವರು. ಅದನ್ನು ಹೇಳುತ್ತಿದ್ದದ್ದು ದುಡಿಯದೆ ಅಪ್ಪನ ಗಂಟು ಕರಗಿಸುವ ಮಗನಿಗೆ. ಮೂವತ್ತೈದು ವರ್ಷ ದುಡಿದು ಈಗ ಕೂತವರು ಅದನ್ನು ತಮ್ಮ ತಲೆಯ ಮೇಲೆ ಯಾಕೆ ಎಳೆದುಕೊಳ್ಳಬೇಕೋ ನನಗೆ ಅರ್ಥವಾಗುವುದಿಲ್ಲ.

ಇನ್ನು ಮೆಲ್ಬರ್ನ್‌ನ ನಮ್ಮ ಪಕ್ಕದ ಮನೆಯವರನ್ನು ನೋಡಿ. ಆತ ಎಲೆಕ್ಟ್ರಿಷಿಯನ್ ಆಗಿದ್ದವನು. ಗಂಡಹೆಂಡತಿ ಇಬ್ಬರೂ ಎಪ್ಪತ್ತರ ಆಸುಪಾಸು. ಇಲ್ಲಿ ಜೂನ್ ತಿಂಗಳ ಚಳಿ ಹಿಡಿಯುತ್ತಿದ್ದಂತೆ ಕಾರಿನ ಹಿಂದೆ ಕ್ಯಾರವಾನ್ ಸಿಕ್ಕಿಸಿಕೊಂಡು ಕ್ವೀನ್ಸ್‌ಲ್ಯಾಂಡ್ ಕಡೆ ಹೊರಟರೆ ಬರುವುದು ವಸಂತಕ್ಕೇ. ಹೀಗೆ ಅಲೆಯುವ ನಿವೃತ್ತರಿಗೆ 'ಗ್ರೇ ನೊಮ್ಯಾಡ್ಸ್' ಎಂದೇ ಹೆಸರು, ನರೆತ ಅಲೆಮಾರಿಗಳು. ಕ್ಯಾರವಾನಿನ ಹಿಂದೆ ಒಂದು ಸ್ಟಿಕ್ಕರ್: ನಮ್ಮ ಮಕ್ಕಳ ಆಸ್ತಿ ಖರ್ಚು ಮಾಡುತ್ತಿದ್ದೇವೆ, ಅಂತ. ಆ ಮಕ್ಕಳೇ ಅದನ್ನು ನೋಡಿ ನಗುತ್ತಾರೆ. ಹಾಸನದಲ್ಲಿ ಯಾರಾದರೂ ಇಂಥದ್ದನ್ನು ಸ್ಕೂಟರಿಗೆ ಅಂಟಿಸಿಕೊಂಡರೆ ಬೀದಿಯವರೆಲ್ಲ ಸೇರಿ ಬುದ್ಧಿ ಹೇಳಲು ಬಂದಾರು.

ಬಂದ ಹೊಸತರಲ್ಲಿ ಇದನ್ನೆಲ್ಲ ಕಂಡು, ಇವರಿಗೆ ಬದುಕಲು ಗೊತ್ತು, ನಮಗೆ ಕೂಡಿಡಲು ಮಾತ್ರ ಗೊತ್ತು ಎಂದು ನಾವು ಹೊರನಾಡಿನವರು ಕೂತಲ್ಲಿ ನಿಂತಲ್ಲಿ ಆಡಿಕೊಳ್ಳುತ್ತೇವೆ. ಕನ್ನಡ ಸಂಘದ ರಾಜ್ಯೋತ್ಸವದ ಊಟದ ಸಾಲಿನಲ್ಲಿ ಈ ಮಾತು ಬಾರದ ವರ್ಷವಿಲ್ಲ. ಆದರೆ ಅದು ಅರ್ಧಸತ್ಯ. ಇಲ್ಲಿನ ಸರ್ಕಾರ 2020ರಲ್ಲಿ ನಿವೃತ್ತರ ಆದಾಯದ ಬಗ್ಗೆ ಒಂದು ದೊಡ್ಡ ಪರಿಶೀಲನಾ ವರದಿ ಹೊರತಂದಿತು. ನಿವೃತ್ತಿಯ ಹೊತ್ತಿಗೆ ಇದ್ದ ಆಸ್ತಿಯ ಬಹುಪಾಲನ್ನು ಹಾಗೇ ಉಳಿಸಿಕೊಂಡು ಸಾಯುವವರೇ ಹೆಚ್ಚು ಎನ್ನುವುದು ಅದರಲ್ಲಿ ಕಂಡುಬಂದ ಸಂಗತಿ. ಕಡ್ಡಾಯದ 5 ಪಾಲು ತೆಗೆದು ಪಕ್ಕದ ಬ್ಯಾಂಕಿನ ಉಳಿತಾಯ ಖಾತೆಗೆ ಹಾಕಿಕೊಂಡು ಕೂರುವ ಬಿಳಿಯರು ನನ್ನ ಬೀದಿಯಲ್ಲೇ ಇದ್ದಾರೆ. ಮಾವನ ಎಫ್‌ಡಿಗೂ ಇದಕ್ಕೂ ಏನು ವ್ಯತ್ಯಾಸ? ತೆಗೆಯಿರಿ ಎಂದು ಕಾನೂನು ಹೇಳಬಹುದು, ಅನುಭವಿಸಿ ಎಂದು ಹೇಳಲಾಗದು.

ಹಾಗಿದ್ದರೂ ಕ್ಯಾರವಾನ್ ಹೊರಡುವುದೇನೋ ನಿಜ. ಅದರ ಹಿಂದಿನ ಧೈರ್ಯ ಬೇರೆ ಕಡೆಯದು. ಇಲ್ಲಿ ಮೆಡಿಕೇರ್ ಎಂಬ ಸರ್ಕಾರಿ ಆರೋಗ್ಯ ವಿಮೆ ಇದೆ. ಮೊಣಕಾಲಿನ ಆಪರೇಷನ್ನಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಹೆಸರು ಬರೆಸಿದರೆ ತಿಂಗಳುಗಟ್ಟಲೆ ಕಾಯಬೇಕು, ಕಾದು ಕಾದು ಕೋಲೇ ಅಭ್ಯಾಸವಾಗಬಹುದು, ಆದರೆ ಕೊನೆಗೆ ಬಿಲ್ ಬರುವುದಿಲ್ಲ. 67 ಆದಮೇಲೆ, ಆಸ್ತಿ ಆದಾಯ ಒಂದು ಮಿತಿಯೊಳಗಿದ್ದರೆ, ಸರ್ಕಾರದ ವೃದ್ಧಾಪ್ಯ ಪಿಂಚಣಿಯೂ ಇದೆ. ಕೂಡಿಟ್ಟದ್ದು ಪೂರಾ ಕರಗಿದರೂ ಬೀದಿಗೆ ಬೀಳುವುದಿಲ್ಲ ಎಂಬ ನೆಲೆ ಕಾಲಡಿ ಇದ್ದಾಗ ಯಾರು ಬೇಕಾದರೂ ಅಲೆಮಾರಿಯಾದಾರು. ನಮ್ಮಲ್ಲಿ ಐಸಿಯು ಬಾಗಿಲಲ್ಲಿ ಮೊದಲು ಕೇಳುವುದೇ ಅಡ್ವಾನ್ಸ್. ಈಚೆಗೆ ಕೆಲವು ಬದಲಾವಣೆ ಆಗಿವೆ: 2024ರ ಏಪ್ರಿಲ್‌ನಿಂದ 65 ದಾಟಿದವರೂ ಹೊಸದಾಗಿ ಆರೋಗ್ಯ ವಿಮೆ ಕೊಳ್ಳಲು ಅಡ್ಡಿಯಿಲ್ಲ, 2025ರ ಸೆಪ್ಟೆಂಬರ್‌ನಲ್ಲಿ ವೈಯಕ್ತಿಕ ಪಾಲಿಸಿಗಳ ಮೇಲಿನ 18 ಪರ್ಸೆಂಟ್ ಜಿಎಸ್‌ಟಿಯನ್ನೂ ತೆಗೆದರು. ಆದರೂ ಸಕ್ಕರೆ ಕಾಯಿಲೆ, ಬಿಪಿ ಇರುವ ಎಪ್ಪತ್ತರವರು ಪ್ರೀಮಿಯಂ ಕೇಳಿದರೆ ಬಿಪಿ ಇನ್ನೊಂದಿಷ್ಟು ಏರುತ್ತದೆ. ಹಾಗಾಗಿ ಮಾವನ ಭಯಕ್ಕೆ ಬುಡವಿಲ್ಲ ಎಂದು ಮೆಲ್ಬರ್ನ್‌ನಲ್ಲಿ ಕೂತು ಹೇಳುವುದು ಸುಲಭ, ಸರಿಯಲ್ಲ.

ನನಗೆ ಇನ್ನೂ ಸೋಜಿಗವೆನಿಸುವುದು ಕೊಡುವ ವಿಷಯ. ಇಲ್ಲಿ ಪಿಂಚಣಿ ಕೊಡುವ ಮುನ್ನ ಆಸ್ತಿ ಎಣಿಸುತ್ತಾರೆ. ವಾಸದ ಮನೆ ಲೆಕ್ಕಕ್ಕಿಲ್ಲ. ಉಳಿದದ್ದು ಮಿತಿ ದಾಟಿದರೆ ಪ್ರತಿ ಸಾವಿರ ಡಾಲರಿಗೆ ಎರಡು ವಾರಕ್ಕೆ 3 ಡಾಲರ್ ಕಡಿತ, ವರ್ಷಕ್ಕೆ 78. ಯಾವ ಬ್ಯಾಂಕ್ ಅಷ್ಟು ಬಡ್ಡಿ ಕೊಟ್ಟೀತು? ಅದಕ್ಕೇ ಜನ ಬಚ್ಚಲುಮನೆಗೆ ಹೊಸ ಟೈಲ್ಸ್ ಹಾಕಿಸುತ್ತಾರೆ, ಹಡಗು ಹತ್ತುತ್ತಾರೆ. ಇದಕ್ಕೆಲ್ಲ ಸರ್ಕಾರ ತಕರಾರು ಮಾಡುವುದಿಲ್ಲ. ಮಗಳಿಗೆ ಕೊಟ್ಟರೆ ಮಾತ್ರ ಲೆಕ್ಕ ಕೇಳುತ್ತದೆ: ವರ್ಷಕ್ಕೆ 10,000 ಡಾಲರ್, ಐದು ವರ್ಷಕ್ಕೆ ಒಟ್ಟು 30,000. ಅದಕ್ಕಿಂತ ಹೆಚ್ಚು ಕೊಟ್ಟದ್ದನ್ನು ಐದು ವರ್ಷ ನಿಮ್ಮದೇ ಎಂದು ಎಣಿಸುತ್ತದೆ. ತಾನು ಉಂಡರೆ ಸರಿ, ಮಗಳಿಗೆ ಬಡಿಸಿದರೆ ತಪ್ಪು. ಇತ್ತ ನಮ್ಮಲ್ಲಿ ತಲೆಕೆಳಗು. ತಾವು ಬದುಕಿರುವಾಗಲೇ ಮನೆಯನ್ನು ದಾನಪತ್ರ ಮಾಡಿ ಮಕ್ಕಳ ಹೆಸರಿಗೆ ಬರೆದು, ಆಮೇಲೆ ಅದೇ ಮನೆಯ ಹಿಂದಿನ ಕೋಣೆಗೆ ಸರಿದವರನ್ನು ನಾವೆಲ್ಲ ಕಂಡಿದ್ದೇವೆ. ಅಂಥವರು ಹೆಚ್ಚಾದ್ದರಿಂದಲೇ ಹಿರಿಯ ನಾಗರಿಕರ ಪೋಷಣೆಯ 2007ರ ಕಾಯ್ದೆಯಲ್ಲಿ 23ನೇ ಕಲಮು ಬಂತು. ನೋಡಿಕೊಳ್ಳುವ ಷರತ್ತಿನ ಮೇಲೆ ಕೊಟ್ಟ ಆಸ್ತಿ, ನೋಡಿಕೊಳ್ಳದಿದ್ದರೆ ರದ್ದು. ಉಪವಿಭಾಗಾಧಿಕಾರಿಯ ಮುಂದೆ ಅರ್ಜಿ ಹಾಕಬಹುದು. ಬರೆದುಕೊಡುವವರು ಆ ಷರತ್ತನ್ನು ಪತ್ರದಲ್ಲೇ ಸೇರಿಸುವುದು ಒಳ್ಳೆಯದು. ಹೇಳಲು ಸಂಕೋಚವಾದರೂ ಹೇಳಿ, ಬರೆಸಿ.

ನಮ್ಮ ಪೀಳಿಗೆಯ ಹೊರನಾಡಿನವರೇನು ಕಡಿಮೆಯಲ್ಲ. ಇಲ್ಲಿ ಸೂಪರ್, ಇಲ್ಲೊಂದು ಮನೆ, ಬೆಂಗಳೂರಿನಲ್ಲಿ ಬೀಗ ಹಾಕಿದ ಫ್ಲಾಟು. 'ರಿಟೈರ್ ಆದಮೇಲೆ ಆರು ತಿಂಗಳು ಅಲ್ಲಿ, ಆರು ತಿಂಗಳು ಇಲ್ಲಿ' ಎಂದು ಕೊಂಡದ್ದು. ಆರು ತಿಂಗಳಿರಲಿ, ಹೋದಾಗಲೂ ಧೂಳು ಎಂದು ತಂಗಿಯ ಮನೆಯಲ್ಲಿ ಇಳಿಯುತ್ತೇವೆ. ಆ ಫ್ಲಾಟು ಇಲ್ಲಿನ ಪಿಂಚಣಿ ಲೆಕ್ಕದಲ್ಲಿ ಆಸ್ತಿಯೇ, ಹೊರದೇಶದಲ್ಲಿದೆ ಎಂದು ಬಿಡುವುದಿಲ್ಲ. ಇನ್ನೊಂದು ಸಂಗತಿ ನಮ್ಮವರಲ್ಲಿ ಎಷ್ಟೋ ಜನಕ್ಕೆ ಗೊತ್ತಿರುವುದಿಲ್ಲ. ನಿವೃತ್ತರಾಗಿ 60 ದಾಟಿದವರು ಸೂಪರ್‌ನಿಂದ ತೆಗೆದ ಹಣಕ್ಕೆ ಸಾಮಾನ್ಯವಾಗಿ ತೆರಿಗೆ ಇಲ್ಲ. ಅದೇ ಹಣ ನಾವು ಸತ್ತ ಮೇಲೆ, ನಮ್ಮ ಆಶ್ರಯದಲ್ಲಿಲ್ಲದ ದೊಡ್ಡ ಮಕ್ಕಳಿಗೆ ಹೋದರೆ ಅದರ ಬಹುಪಾಲಿನ ಮೇಲೆ ಸಾಮಾನ್ಯವಾಗಿ 15 ಪರ್ಸೆಂಟ್ ತೆರಿಗೆ ಬೀಳುತ್ತದೆ. ಮಕ್ಕಳಿಗೆಂದೇ ಮುಟ್ಟದೆ ಇಡುವವರು ಆ ಪಾಲನ್ನು ತೆರಿಗೆ ಇಲಾಖೆಗೆ ಕೊಟ್ಟಹಾಗಾಯಿತು.

ನನ್ನ ಅಭಿಪ್ರಾಯ ಇಷ್ಟು: ಆಸ್ಟ್ರೇಲಿಯಾದವರಿಂದ ಕ್ಯಾರವಾನ್ ಕಲಿಯಬೇಕಿಲ್ಲ, ಆ ಶೇಕಡಾವಾರು ಪಟ್ಟಿಯನ್ನು ಎತ್ತಿಕೊಳ್ಳೋಣ. ಊರಿನಲ್ಲಿರುವ ಹಿರಿಯರು ಮೊದಲು ಆಸ್ಪತ್ರೆಯ ಗಂಟನ್ನು ಬೇರೆ ಮಾಡಿ, ಅದನ್ನು ಮುಟ್ಟಲಿಕ್ಕಿಲ್ಲ ಎಂದು ಮನೆಯವರಿಗೂ ಹೇಳಿಡಲಿ. ಮನೆ ಹೇಗೂ ಮಕ್ಕಳಿಗೆ ಹೋಗುತ್ತದೆ. ಉಳಿದದ್ದರಲ್ಲಿ ವಯಸ್ಸಿಗೆ ತಕ್ಕ ಪಾಲು ಮಾರ್ಚ್ 31ರೊಳಗೆ ಮನೆಯಿಂದ ಆಚೆ ಹೋಗಬೇಕು. ಇನ್ನೊಂದು ಎಫ್‌ಡಿಗೆ ಹೋದರೆ ಅದು ಲೆಕ್ಕಕ್ಕಿಲ್ಲ. ಮಾವನ 30 ಲಕ್ಷಕ್ಕೆ ಈ ಪಟ್ಟಿಯಂತೆ ವರ್ಷಕ್ಕೆ ಒಂದೂವರೆ ಲಕ್ಷ. ಅವರಿಗೆ ಬರುವ ಬಡ್ಡಿ 2,46,000. ತೆರಿಗೆಗೆ, ಬೆಲೆ ಏರಿಕೆಗೆಂದು ಹಿಂದಕ್ಕೆ ಹಾಕಲು ಇನ್ನೂ 96,000 ಉಳಿಯಿತು. ಅಸಲಿಗೆ ಕೈ ಹಾಕುವ ಮಾತೇ ಇಲ್ಲ.

ಆಚೆ ಹೋಗಬೇಕು ಎಂದೆನೇ ಹೊರತು ತಾನೇ ತಿನ್ನಬೇಕು ಎನ್ನಲಿಲ್ಲ. ಇಲ್ಲಿನವರ ಸುಖದ ಮಾದರಿ ನಮ್ಮ ಹಿರಿಯರಿಗೆ ಒಗ್ಗುವುದಿಲ್ಲ. ಅತ್ತೆಯನ್ನು ಹಡಗಿನಲ್ಲಿ ಕೂರಿಸಿದರೆ ಎರಡನೇ ದಿನಕ್ಕೇ ಮನೆಯ ತುಳಸಿಗೆ ನೀರು ಹಾಕುವವರು ಯಾರು ಎಂದು ಒದ್ದಾಡುತ್ತಾರೆ. ಅವರಿಗೆ ಸುಖವಾಗುವುದು ದೇವಸ್ಥಾನದಲ್ಲಿ ಒಂದು ದಿನದ ಅನ್ನದಾನ ಬರೆಸಿದಾಗ, ತಂಗಿಯ ಮೊಮ್ಮಗಳ ಕಾಲೇಜು ಫೀಸು ಕಟ್ಟಿದಾಗ, ಅಕ್ಕತಂಗಿಯರೆಲ್ಲ ಸೇರಿ ಟಿಟಿ ಮಾಡಿಕೊಂಡು ಧರ್ಮಸ್ಥಳ, ಕುಕ್ಕೆ ಸುತ್ತಿಬಂದಾಗ. ಮಾಡಲಿ. ಸತ್ತ ಮೇಲೆ ನಾಮಿನಿಗೆ ಹೋಗುವ ದುಡ್ಡಿಗೆ ಆ ಮೊಮ್ಮಗಳ ಮುಖ ನೋಡುವ ಭಾಗ್ಯವಿಲ್ಲ. ಮತ್ತೆ ಇದಕ್ಕೆಲ್ಲ ಕಾಲು ಗಟ್ಟಿಯಿರಬೇಕು. 65ರಿಂದ 75ರ ನಡುವೆ ಹತ್ತಿದ ಬೆಟ್ಟವನ್ನು 82ಕ್ಕೆ ಹತ್ತಲಾಗದು. ಹಾಗೆ ನೋಡಿದರೆ ಆಸ್ಟ್ರೇಲಿಯಾದ ಪಟ್ಟಿಯೇ ಉಲ್ಟಾ: ಓಡಾಡುವ ವಯಸ್ಸಿಗೆ ಕಡಿಮೆ ಪಾಲು, ಹಾಸಿಗೆ ಹಿಡಿಯುವ ವಯಸ್ಸಿಗೆ ಹೆಚ್ಚು. ಅದು ಕನಿಷ್ಠ ಮಿತಿ ಅಷ್ಟೇ. ಆರಂಭದಲ್ಲಿ ಒಂದೆರಡು ಪಾಲು ಜಾಸ್ತಿ ತೆಗೆದರೂ ಬೇಡ ಅನ್ನುವವರಿಲ್ಲ.

ಇದಕ್ಕೆ ಬರುವ ಆಕ್ಷೇಪಣೆ ಗೊತ್ತಿರುವುದೇ: 95ರವರೆಗೆ ಬದುಕಿಬಿಟ್ಟರೆ? ಉಳಿದದ್ದರಲ್ಲಿ ಇಷ್ಟು ಪಾಲು ಎಂದು ತೆಗೆಯುತ್ತಾ ಹೋದರೆ ಗಂಟು ಸಣ್ಣದಾಗುತ್ತದೆಯೇ ಹೊರತು ಸೊನ್ನೆಯಾಗುವುದಿಲ್ಲ. ಕಾಲ ಕೆಟ್ಟರೆ ಕೈ ಬಿಗಿ ಹಿಡಿಯಲೂಬಹುದು; ಕೊರೋನಾ ಬಂದಾಗ ಇಲ್ಲಿನ ಸರ್ಕಾರವೇ ಈ ಪಾಲನ್ನು ಅರ್ಧಕ್ಕೆ ಇಳಿಸಿ, 2023ರ ಜೂನ್‌ವರೆಗೆ ಹಾಗೇ ಮುಂದುವರಿಸಿತ್ತು. ಇನ್ನು 95ಕ್ಕೆ ಕಾಶಿ, ಕುಕ್ಕೆ ಯಾರೂ ಕೇಳುವುದಿಲ್ಲ. ಆಗ ಬೇಕಾಗುವುದು ರಾತ್ರಿ ಹೊತ್ತು ಮಗ್ಗುಲಲ್ಲಿದ್ದು ನೋಡಿಕೊಳ್ಳುವವರ ಸಂಬಳ, ಮಾತ್ರೆ, ಡಯಾಪರ್. ಆಸ್ಪತ್ರೆಯ ಗಂಟನ್ನು ಮೊದಲೇ ಬೇರೆ ಇಡಿ ಎಂದದ್ದು ಅದಕ್ಕೇ. ಅದು ಎಷ್ಟಿರಬೇಕು ಎಂದು ಊರಿನ ಡಾಕ್ಟರನ್ನೂ ವಿಮೆಯವರನ್ನೂ ಒಂದು ಮಾತು ಕೇಳಿ, ಕಾಗದದ ಮೇಲೆ ಬರೆದುಕೊಂಡರೆ, ಆಮೇಲೆ ಉಳಿಯುವ ಮೊತ್ತ ನೋಡಿ ಬಹಳ ಮನೆಗಳಲ್ಲಿ ಹಿರಿಯರಿಗೇ ಆಶ್ಚರ್ಯವಾದೀತು.